ಮೂರನೆಯ ಲ್ಯಾಪ್‌ಟಾಪ್

ಮೂರನೆಯ ಲ್ಯಾಪ್‌ಟಾಪಿನಲ್ಲೂ ಗುರುಮಲ್ಲಯ್ಯನವರ ಕಾರು ಮೊದಲ ತಿರುವಿನಲ್ಲೇ ಗೋಡೆಗೆ ಗುದ್ದಿತು.

"ಇದೂ ಸರಿಯಿಲ್ಲ ಕಣಪ್ಪ. ನಾನೊಂದ್ ಕಡೆ ತಿರುಗ್ಸುದ್ರೆ ಇದೊಂದ್ ಕಡೆ ಓಯ್ತದೆ," ಎಂದು ಅವರು ಕಂಟ್ರೋಲರನ್ನು ಮೇಜಿನ ಮೇಲಿಟ್ಟರು.

ಚಾಮರಾಜನಗರದ ಆ ಅಂಗಡಿಗೆ ಬಂದು ಒಂದೂವರೆ ಗಂಟೆಯಾಗಿತ್ತು. ಅಂಗಡಿಯ ಶಶಿಕುಮಾರ ಒಂದು ಸಲವೂ ಮುಖ ಗಂಟಿಕ್ಕಿರಲಿಲ್ಲ. ಫ್ಯಾನನ್ನು ಅವರತ್ತ ತಿರುಗಿಸಿದ್ದ. ಕೇಳದೆಯೇ ನೀರು ತಂದುಕೊಟ್ಟಿದ್ದ. ಇಷ್ಟೆಲ್ಲ ಮಾಡಿದವನಿಗೆ ಇನ್ನೊಂದು ತೋರಿಸು ಎನ್ನಲು ಗುರುಮಲ್ಲಯ್ಯನವರ ಹೆಂಡತಿ ಶಾಂತಮಲ್ಲಮ್ಮನಿಗೆ ಸಂಕೋಚ. ಸುಮ್ಮನಿರಲೂ ಆಗದು. ಸೋಮವಾರ ಗಂಡ ಎರಡು ವರ್ಷದ ಮೇಲೆ ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ಬಸ್ಸಿನ ಸ್ಟೇರಿಂಗ್ ಹಿಡಿಯಬೇಕಿತ್ತು.

ಲಕ್ವ ಹೊಡೆದು ಅವರ ಬಲಗೈ ಬಿದ್ದುಹೋಗಿತ್ತು. ಬೆರಳಾಡಿಸಲಿ ಎಂದು ಮಗಳು ಭವ್ಯ ತನ್ನ ಕಾಲೇಜು ದಿನಗಳ ಲ್ಯಾಪ್‌ಟಾಪಿಗೆ ಎಮ್ಯುಲೇಟರ್ ಹಾಕಿ, ಹಿಂದೆ ಜನ ಟೀವಿಗೆ ಗೇಮ್ ಪೆಟ್ಟಿಗೆ ಸಿಕ್ಕಿಸಿ ಆಡುತ್ತಿದ್ದ ಕಾರ್ ರೇಸನ್ನು ಅದರಲ್ಲಿ ಆಡುವಂತೆ ಮಾಡಿಕೊಟ್ಟಿದ್ದಳು. ಮೊದಮೊದಲು ಎಲ್ಲ ಗೋಡೆಗೇ. ಆಮೇಲೆ ಒಂದೊಂದೇ ತಿರುವು ದಾಟಿದರು. ವರ್ಷ ತುಂಬುವಷ್ಟರಲ್ಲಿ ಗೆಲ್ಲತೊಡಗಿದರು. ಒಂದು ರೇಸು ಮುಗಿಯುವುದರೊಳಗೆ ಶಾಂತಮಲ್ಲಮ್ಮ ಅನ್ನ ಬಸಿದು ಬಂದಿರುತ್ತಿದ್ದರು. ಗೆದ್ದಾಗ ಆಟದೊಳಗಿನ ಹೆಂಗಸು ಗಂಡುದನಿಯಲ್ಲಿ ಏನೋ ಎಳೆದೆಳೆದು ಹೇಳುವಳು. ಇವರು ಅವಳನ್ನು ಅಣಕಿಸಿ ನಗುವರು.

ಬಸ್ಸಿನ ಮಾಲೀಕ ಪುಟ್ಟಮಲ್ಲಪ್ಪ ಮನೆಗೇ ಬಂದು, ಪಕ್ಕದಲ್ಲಿ ಕೂತು ಆಟ ನೋಡಿದ್ದ. "ನಿನ್ ಕೈ ನೋಡುದ್ರೆ ನಂಗೇ ಒಟ್ಟೆಕಿಚ್ಚಾಯ್ತದೆ ಕಣ್ಲಾ. ಸೋಮ್ವಾರ ಬಂದ್ಬುಡು," ಎಂದಿದ್ದ.

ಮಾರನೆಯ ದಿನವೇ ಆ ಲ್ಯಾಪ್‌ಟಾಪ್ ಕೆಟ್ಟು ನಿಂತಿತು. ಕೈಯ ಅಭ್ಯಾಸ ತಪ್ಪಬಾರದೆಂದು, ಭವ್ಯ ಪೆನ್‌ಡ್ರೈವಿಗೆ ಹಾಕಿಕೊಟ್ಟ ಅದೇ ಆಟ ಹಿಡಿದು ಇಬ್ಬರೂ ಹೊಸದು ಕೊಳ್ಳಲು ಬಂದಿದ್ದರು.

"ಎಮ್ಯುಲೇಟರ್ ಅಂದ್ರೆ ಒಂದು ಮಿಷೀನು ಇನ್ನೊಂದು ಮಿಷೀನಿನ ವೇಷ ಹಾಕದು ಅಮ್ಮ," ಎಂದ ಶಶಿಕುಮಾರ. "ಅದ್ಕೆ ಪ್ರೊಸೆಸರ್, ಅಂದ್ರೆ ಮಿಷೀನಿನ ಮಿದುಳು, ಜೋರಾಗಿರ್ಬೇಕು. ಅದ್ರೊಳ್ಗಿನ ಕೋರ್ ಎಷ್ಟವೆ ಅನ್ನೋದ್ಕಿಂತ ಒಂದೊಂದು ಕೋರೂ ಎಷ್ಟು ಚುರುಕು ಅನ್ನೋದೇ ಮುಖ್ಯ. ಇರಿ, ಇನ್ನೊಂದದೆ."

ಗಾಜಿನ ಬೀರು ತೆಗೆದು, ಅಂಗಡಿಯಲ್ಲೇ ಎಲ್ಲಕ್ಕಿಂತ ಜೋರಾದ ಪ್ರೊಸೆಸರಿನದನ್ನು ತಂದಿಟ್ಟ.

ಕಾರು ಹೊರಟಿತು. ಗೋಡೆಗೆ ಗುದ್ದಿತು.

"ನನ್ ಕೈ ಸರಿಯಾಗೇ ಅದೆ. ಇವ್ರ ಮಿಷೀನ್ಗಳ್ಗೇ ಲಕ್ವ ಒಡ್ದದೆ ಕಣಮ್ಮಿ," ಎಂದರು ಗುರುಮಲ್ಲಯ್ಯ.

ಶಾಂತಮಲ್ಲಮ್ಮ ನಕ್ಕರು. ಒಳಗೊಳಗೇ ದಿನ ಎಣಿಸಿದರು. ಇವತ್ತು ಶುಕ್ರವಾರ.

ಶಶಿಕುಮಾರ ನಗಲಿಲ್ಲ. "ಹಳೇದು ತಂದಿದ್ದೀರಾ ಅಮ್ಮ?"

ಅವರು ಚೀಲದಿಂದ ತೆಗೆದುಕೊಟ್ಟರು. ಅದಕ್ಕೆ ಅಂಟಿಸಿದ್ದ ಪ್ರೊಸೆಸರಿನ ಚೀಟಿಯನ್ನು ಅವನು ಓದಿದ. ಬೆಳಕಿಗೆ ಹಿಡಿದು ಮತ್ತೊಮ್ಮೆ ಓದಿದ.

"ಯಜಮಾನ್ರೆ, ಕೂತು ಸಾಕಾಗಿರ್ತದೆ. ಎದುರುಗಡೆ ಒಳ್ಳೆ ಟೀ ಸಿಕ್ತದೆ, ನನ್ ಹೆಸರೇಳಿ ಕುಡ್ಕೊ ಬನ್ನಿ."

ಗುರುಮಲ್ಲಯ್ಯ ರಸ್ತೆ ದಾಟುವವರೆಗೂ ಕಾದು, ಅವನು ದನಿ ತಗ್ಗಿಸಿದ.

"ಹಳೇದ್ರ ಪ್ರೊಸೆಸರ್ಗೆ ತಾಕತ್ತೇ ಇರ್ನಿಲ್ಲ ಕಣಮ್ಮ, ಅದ್ರಲ್ಲಿ ಕಾರು ಅರ್ಧ ಸ್ಪೀಡಲ್ಲಿ ಓಡ್ತಿತ್ತು, ಇವತ್ತು ಓಡಿದ್ದೇ ನಿಜವಾದ ಸ್ಪೀಡು."