ಗೌಹರಳ ಬಾಯಿಪಾಠ

ಗೌಹರಳ ತುಟಿ ಮತ್ತೆ ಅಲುಗಿತು.

ಪರೀಕ್ಷೆಯ ಕಾವಲಿಗೆ ಕೂತಿದ್ದ ವಸಂತಿ ಮೇಡಂ ಕುರ್ಚಿ ಬಿಟ್ಟೆದ್ದರು. ಮುಂಬಯಿಯ ಸಾಂತಾಕ್ರೂಜ್‌ನ ಈ ಕಾಲೇಜಿನಲ್ಲಿ ಅವರದು ಪ್ರತಿವರ್ಷ ಹೊಸದಾಗಿ ಸಿಗಬೇಕಾದ ನೌಕರಿ. ಹೋದ ಪರೀಕ್ಷೆಯಲ್ಲಿ ಅವರ ಕಣ್ಣೆದುರೇ ಕಾಪಿ ನಡೆದಿತ್ತು. ಇನ್ನೊಮ್ಮೆ ಹಾಗಾದರೆ ಜೂನ್‌ನಿಂದ ಬರುವುದೇ ಬೇಡ ಎಂದು ಪ್ರಿನ್ಸಿಪಾಲರು ಖಡಾಖಂಡಿತವಾಗಿ ಹೇಳಿದ್ದರು.

ಉಳಿದವರೆಲ್ಲ ಬಂಗಾರದಂಥ ಮಕ್ಕಳು. ಪೇಪರು ಹಾರುತ್ತದೆಂದು ಸಂದೀಪ ಫ್ಯಾನು ಬಂದ್ ಮಾಡಿಸಿದ್ದ. ವಿಮಾನದ ಸದ್ದಿಗೆ ತಲೆ ಓಡುವುದಿಲ್ಲವೆಂದು ಶ್ರಾವ್ಯಾ ಕಿಟಕಿ ಮುಚ್ಚಿದ್ದಳು. ಏಪ್ರಿಲ್ ಸೆಕೆಗೆ ಬೆವರು ಇಳಿಯುತ್ತಿದ್ದರೂ ಯಾರೂ ಗೊಣಗಲಿಲ್ಲ, ಕತ್ತು ಹೊರಳಿಸಲಿಲ್ಲ. ಮೊದಲ ಬೆಂಚಿನ ಈ ಒಬ್ಬಳದೇ ಪಿಸಿಪಿಸಿ.

ಸ್ಕಾರ್ಫಿನೊಳಗೆ ಬ್ಲೂಟೂತ್ ಇರಬೇಕು.

ವಸಂತಿ ಹಿಂದಿಯಲ್ಲಿ ಗದರಿದರು. ಮೇಡಂ ಕನ್ನಡದವರೆಂದು ಹುಡುಗಿಗೆ ಗೊತ್ತಿತ್ತು. ಹಿಂದಕ್ಕೆ ತಿರುಗಲು ಹೊರಟ ಕತ್ತನ್ನು ಅರ್ಧಕ್ಕೇ ತಡೆದು, "ಬಾಯಾಗ ಅಂದ್ರ ನನಗ ನೆನಪಾಗ್ತೈತ್ರಿ ಮೇಡಂ," ಎಂದಳು. ಧಾರಾವಿಯಲ್ಲಿ ಚರ್ಮದ ಚೀಲ ಹೊಲಿಯುವ ಅಪ್ಪ ಬಡೇಸಾಬ ಸಣ್ಣಂದಿನಲ್ಲೇ ಊರಿನ ಮೊಹರಂ ಪದಗಳನ್ನು ಬಾಯಿಪಾಠ ಮಾಡಿಸಿದ್ದನಂತೆ. ಕಾಲೇಜಿನ ಪಾಠಕ್ಕೂ ಅದೇ ಅಭ್ಯಾಸವಂತೆ.

ವಸಂತಿ ನಂಬಲಿಲ್ಲ. ತಪಾಸಣೆಗೆಂದು ಆಯಾ ಹಾಲವ್ವನ ಜೊತೆ ಪಕ್ಕದ ಕೋಣೆಗೆ ಕಳಿಸಿದರು. ಹೊತ್ತು ಸರಿಯಿತು. ಹಿಂದಿನ ಬೆಂಚಿನವರೆಲ್ಲ ತಲೆಯೆತ್ತಿ ಬಾಗಿಲನ್ನೇ ನೋಡುತ್ತಿದ್ದರು. ಗೆಳತಿಯ ಮೇಲೆ ಎಷ್ಟು ಮಮತೆ ಎಂದುಕೊಂಡರು ವಸಂತಿ.

"ಏನೂ ಇಲ್ರೀ ಬಾಯಾರ. ಪಾಪ, ಗಡಗಡ ನಡಗಾಕತ್ಯಾಳ," ಎಂದು ಹಾಲವ್ವ ಹುಡುಗಿಯನ್ನು ಬಿಟ್ಟುಹೋದಳು.

ವಸಂತಿಗೆ ಅಜ್ಜಿ ನೆನಪಾದಳು. ಉಡುಪಿಯ ಮನೆಯಲ್ಲಿ ಸಂಜೆ ದೀಪದ ಮುಂದೆ ಕೂರಿಸಿ ಪದ್ಯ ಒಪ್ಪಿಸಿಕೊಳ್ಳುತ್ತಿದ್ದವಳು. ತುಟಿ ಅಲುಗದೆ ತಮಗಾದರೂ ಯಾವ ಸಾಲು ನೆನಪಾಗುತ್ತಿತ್ತು?

"ಹೇಳಿಕೊಂಡೇ ಬರಿ ಮಾರಾಯ್ತಿ. ಹೆದರಬೇಡ."

ಗೌಹರ ಕೂರಲಿಲ್ಲ. "ಬ್ಯಾಡ್ರಿ ಮೇಡಂ. ಸುಮ್ಕಿರು ಅಂತ ನೀವ ಬೈರಿ."

ಹುಡುಗಿಗೆ ಆದ ಅವಮಾನ ಇನ್ನೂ ಆರಿಲ್ಲ. ವಸಂತಿ ಭುಜ ಹಿಡಿದು ಕೂರಿಸಿದರು.

"ಬೋಲನೇ ದೋ ಮೇಡಂ," ಅವಳ ಬೆನ್ನ ಹಿಂದೆಯೇ ಕುಳಿತಿದ್ದ ಸಂದೀಪ ಮೆತ್ತಗೆ ಅಂದ. "ಹೇಳಿಕೊಳ್ಳಲಿ, ನಮಗೇನು ಡಿಸ್ಟರ್ಬ್ ಇಲ್ಲ." ಅವನ ಬೂಟು ಅವಳ ಬೆಂಚಿಗೆ ಒಮ್ಮೆ ತಾಗಿತು.

ಗೌಹರ ಕಣ್ಣು ಮುಚ್ಚಿದಳು. ತುಟಿ ಅಲುಗಿತು. ಹಿಂದೆ ಸರಸರನೆ ಬರೆಯುವ ಸದ್ದೆದ್ದಿತು. ವಸಂತಿಗೆ ಹಾಯೆನಿಸಿತು.

ಗೌಹರ ಉಸಿರೆಳೆದುಕೊಳ್ಳಲು ನಿಂತಳು. ಹಿಂದಿನ ಪೆನ್ನುಗಳೆಲ್ಲ ಒಟ್ಟಿಗೇ ನಿಂತವು.