ಕಳಿತ ಗೊಬ್ಬರ

“ಕೊಳತೈತ್ರೀ ಅತ್ತಿ,” ಎಂದು ತಿಪ್ಪೆಯ ಗೊಬ್ಬರ ನೋಡಿ ಅಂದುಬಿಟ್ಟ ಕುಸುಮ ಕೂಡಲೇ ತುಟಿ ಕಚ್ಚಿಕೊಂಡಳು. ಮರಾಠಿ ಸೀಮೆಯ ಸಾತಾರೆ ಕಡೆಯಿಂದ ಹೊಳೆದಂಡೆಯ ಅಂಕಲಿ ಊರಿಗೆ ಸೊಸೆಯಾಗಿ ಬಂದು ಮೂರು ತಿಂಗಳಾದರೂ ಕೆಟ್ಟುಹೋದದ್ದಕ್ಕೆಲ್ಲ ಅವಳಿಗೆ ಗೊತ್ತಿದ್ದ ಕನ್ನಡ ಅದೊಂದೇ. ಅನ್ನಕ್ಕೂ ಅದೇ, ಜೋಳಕ್ಕೂ ಅದೇ ಎಂದು ಮನೆಮಂದಿಯೆಲ್ಲ ನಕ್ಕ ಮೇಲೆ ಅವಳು ಮಾತನ್ನೇ ಬಿಟ್ಟಿದ್ದಳು. ಸಂಕ್ರಾಂತಿಗೆ ತವರಿಗೆ ಹೋದರೆ ತಿರುಗಿ ಬರಬಾರದೆಂದುಕೊಂಡಿದ್ದಳು.

ಅತ್ತೆ ಲಕ್ಕವ್ವ ನಗಲಿಲ್ಲ. ಅವಳು ಅಗೆದ ತಿಪ್ಪೆಯಿಂದ ಬೆಳಗಿನ ಚಳಿಗೆ ಬಿಳಿ ಹಬೆ ಏಳುತ್ತಿತ್ತು. ಕಬ್ಬು, ಹೊಳೆಯ ಮಂಜು, ಅತ್ತೆಯ ಮುಖ ಎಲ್ಲವೂ ಅದರೊಳಗೆ ತೇಲಿದಂತೆ ಕಂಡವು. ಲಕ್ಕವ್ವ ಒಂದು ಹಿಡಿ ಕರಿ ಗೊಬ್ಬರವನ್ನು ಸೊಸೆಯ ಅಂಗೈಗೆ ಹಾಕಿದಳು. ಬೆಚ್ಚಗಿತ್ತು.

“ಅನ್ನ ಹಳಸತೈತಿ, ಜ್ವಾಳ ಮುಗ್ಗತೈತಿ. ಇದು ಹಣ್ಣಿನಂಗ ಕಳಿತೈತಿ ನೋಡವಾ. ಕಳಿತ ಮ್ಯಾಲ ಕಬ್ಬಿನ ಬೇರಿಗೆ ಊಟ. ಮೂಸಿ ನೋಡು.”

ಕುಸುಮ ಮೂಸಿದಳು. ನಾತವಿರಲಿಲ್ಲ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆಯಿತ್ತು.

“ನಿಮ್ಮ ಮಾತಿನ್ಯಾಗ ಹಿಂಗ ಕಳಿತದ್ದಕ್ಕ ಏನಂತಾರ?” ಲಕ್ಕವ್ವ ಕೇಳಿದಳು. ಅವಳಿಗೆ ಸಂತೆಯ ಮರಾಠಿ ಬರುತ್ತಿತ್ತು, ಗೊಬ್ಬರದ ಮರಾಠಿ ಬರುತ್ತಿರಲಿಲ್ಲ.

“ಕುಜಲಂ,” ಎಂದಳು ಕುಸುಮ ಮೆಲ್ಲಗೆ.

“ಕುಜಲೈತಿ,” ಎಂದಳು ಲಕ್ಕವ್ವ, ಗಂಭೀರವಾಗಿ.

“ಅಯ್ಯ, ಹಂಗಲ್ರೀ ಅತ್ತಿ!” ಕುಸುಮ ಗಟ್ಟಿಯಾಗಿ ನಕ್ಕುಬಿಟ್ಟಳು. ಬಿಸಿಲೇರಿ ಹಬೆ ಕರಗಿದರೂ ಇಬ್ಬರೂ ಬುಟ್ಟಿ ತುಂಬುವುದನ್ನು ಮರೆತು ಅಲ್ಲೇ ನಿಂತಿದ್ದರು, ಸೊಸೆ ಹೇಳಿಕೊಡುತ್ತ, ಅತ್ತೆ ಮತ್ತೆ ಮತ್ತೆ ತಪ್ಪುತ್ತ.