ಸಾಕ್ಷಿಕಟ್ಟೆಯಲ್ಲಿ ಬಯಾಲಜಿ ಟೀಚರ್

"ಮೇಡಂ, ನೀವು ದೇವರನ್ನು ನಂಬುತ್ತೀರಾ?"

ಎದುರು ಪಕ್ಷದ ವಕೀಲ ಕೇಳಿದಾಗ ಸಾಕ್ಷಿಕಟ್ಟೆಯಲ್ಲಿದ್ದ ಸೌದಾಮಿನಿ ಒಮ್ಮೆ ಹಿಂದಿನ ಬೆಂಚಿನತ್ತ ನೋಡಿದಳು. ಅವಳು ಅಮೆರಿಕದ ಪ್ಲೆಸೆಂಟನ್ನಿನ ಸರ್ಕಾರಿ ಹೈಸ್ಕೂಲೊಂದರಲ್ಲಿ ಬಯಾಲಜಿ ಟೀಚರ್. ವಿಕಾಸವಾದದ ಪಾಠ ತಮ್ಮ ಧರ್ಮಕ್ಕೆ ವಿರುದ್ಧ, ಅದನ್ನು ನಿಲ್ಲಿಸಬೇಕು ಎಂದು ಕೆಲವು ಪೋಷಕರು ದಾವೆ ಹೂಡಿದ್ದರು.

ಹೌದು ಎಂದರೆ, ತಾನೇ ನಂಬದ್ದನ್ನು ಮಕ್ಕಳಿಗೆ ಕಲಿಸುತ್ತಾಳೆ ಎನ್ನುತ್ತಾರೆ. ಇಲ್ಲ ಎನ್ನೋಣವೆಂದರೆ ಹಿಂದಿನ ಬೆಂಚಿನಲ್ಲಿ ಅತ್ತೆ ರಮಾ ಕೂತಿದ್ದಾರೆ. ಒಳಗೆ ಬರುವ ಮುಂಚೆ ಅವರು ಸೊಸೆಯ ಕೈ ಹಿಡಿದು, "ಕೇಸು ಸೋತ್ರೂ ಪರ್ವಾಗಿಲ್ಲ ಕಣೇ, ದೇವರಿಲ್ಲ ಅಂತ ಮಾತ್ರ ಹೇಳ್ಬೇಡ" ಎಂದಿದ್ದರು.

"ನಂಬುತ್ತೇನೆ" ಎಂದಳು. ಶಾಲೆಯ ಪರ ವಕೀಲೆ ಕಣ್ಣು ಮುಚ್ಚಿಕೊಂಡಳು.

"ಹಾಗಾದರೆ ಕ್ಲಾಸಿನಲ್ಲಿ ಹೇಳುವುದು ಸುಳ್ಳು!"

ಸೌದಾಮಿನಿಯ ಮಾತು ತಡವರಿಸಿಕೊಂಡೇ ಬಂತು. "ಇಲ್ಲ ಸರ್. ಪಾಠವನ್ನು ನಂಬಿ ಅಂತ ನಾನು ಮಕ್ಕಳಿಗೆ ಯಾವತ್ತೂ ಹೇಳಿಲ್ಲ. ತಿಮಿಂಗಿಲದ ಈಜುರೆಕ್ಕೆಯ ಮೂಳೆಗಳ ಪಕ್ಕ ಮನುಷ್ಯನ ಕೈಮೂಳೆಗಳನ್ನಿಟ್ಟು, ನೀವೇ ಹೋಲಿಸಿ ನೋಡಿ ಅನ್ನುತ್ತೇನೆ. ಆ ರೆಕ್ಕೆಯೊಳಗೂ ಬೆರಳುಗಳಿವೆ."

ವಕೀಲ ಮುಂದಿನ ಪ್ರಶ್ನೆಗಾಗಿ ಕಾಗದ ತಿರುವಿದ. ಅವನ ಹಿಂದೆ ಕೂತಿದ್ದ, ದಾವೆ ಹೂಡಿದ ತಂದೆಯೊಬ್ಬ ತನಗೇ ಅರಿವಿಲ್ಲದೆ ಅಂಗೈ ಬಿಡಿಸಿ, ತನ್ನ ಬೆರಳುಗಳನ್ನೇ ನೋಡುತ್ತಿದ್ದ.